ಕಾಲಿಗೊಂದು ಮೆಟ್ಟು, ಕಣ್ಣಿಗೊಂದು ಮೆಟ್ಟು

ಶಿವರಾತ್ರಿಯ ದಿನ ನಮ್ಮ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಗೆ ಬರುವವರು ಒಳಗಿನ ಐದು ಲಿಂಗಗಳಿಗೂ ಕೈಮುಗಿಯುತ್ತಾರೆ. ಓದಿಕೊಂಡವರಾದರೆ ಒಂದೇ ಸಾಲಿನ ಐದು ಗರ್ಭಗುಡಿಗಳನ್ನೂ, 13ನೇ ಶತಮಾನದ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಕೈಚಳಕವನ್ನೂ ಮೆಚ್ಚಿ ಹೋಗುತ್ತಾರೆ. ನಾನು ಮಾತ್ರ ಒಳಗೆ ಹೋಗುವ ಮುನ್ನ ಒಂದು ಗಳಿಗೆ ಹೊರಗೇ ನಿಲ್ಲುತ್ತೇನೆ, ಅಲ್ಲಿ ಬಿಟ್ಟಿರುವ ಚಪ್ಪಲಿಗಳನ್ನು ನೋಡಲಿಕ್ಕೆ. ಹಿಮ್ಮಡಿ ಸವೆದ ಹವಾಯಿ, ಪೇಟೆಯಿಂದ ಬಂದ ಹೆಣ್ಣುಮಕ್ಕಳ ಮಣಿ ಅಂಟಿಸಿದ ಸ್ಯಾಂಡಲ್, ಹುಡುಗರ ದಪ್ಪ ತಳದ ಬಿಳಿ ಶೂ, ಯಾರೋ ಅಜ್ಜಿಯ ಪಟ್ಟಿಗೆ ಸೇಫ್ಟಿ ಪಿನ್ ಹಾಕಿದ ಜೋಡು. ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬ, "ಏನ್ ಮಿಸ್, ಚಪ್ಪಲಿ ಕಳೆದೋಯ್ತಾ?" ಎಂದು ಹುಡುಕಲು ಶುರುಮಾಡಿಬಿಟ್ಟ. ಇಲ್ಲಪ್ಪ, ಸುಮ್ಮನೆ ನೋಡ್ತಿದ್ದೆ ಎಂದರೆ ಅವನು ನಂಬಲಿಲ್ಲ.

ಹೌದು, ನನಗೆ ಚಪ್ಪಲಿಯ ಹುಚ್ಚಿದೆ. ಮಂಚದ ಕೆಳಗೆ ಏಳು ಜೊತೆ ಇವೆ; ಎಂಟನೆಯದು ಬಂದರೆ ತಾನು ಮನೆ ಬಿಡುತ್ತೇನೆಂದು ನಮ್ಮವರು ಹೆದರಿಸುತ್ತಿರುತ್ತಾರೆ. ಸೀರೆಯ ಬಗ್ಗೆ ಮಾತಾಡುವವಳು ರಸಿಕಳು, ಒಡವೆಯ ಬಗ್ಗೆ ಮಾತಾಡುವವಳು ಜಾಣೆ. ಚಪ್ಪಲಿಯ ಬಗ್ಗೆ ಮಾತಾಡಿದರೆ ಮಾತ್ರ ಎದುರಿಗಿರುವವರು ಮೂಗು ಮುರಿಯುತ್ತಾರೆ. ಸೀರೆಯನ್ನು ನಾವು ಹೊರುತ್ತೇವೆ, ನಮ್ಮನ್ನು ಹೊರುವುದು ಚಪ್ಪಲಿ. ಆದರೂ ಸೀರೆಯ ಅಂಚು, ಸೆರಗು, ಜರಿಗಳ ಮೇಲೆ ಗಂಟೆಗಟ್ಟಲೆ ವಿಮರ್ಶೆ ಮಾಡುವ ನಾವು, ಚಪ್ಪಲಿಯ ವಿಷಯ ಬಂದಾಗ "ಚೆನ್ನಾಗಿದೆ, ಎಷ್ಟು?" ಎಂಬ ಎರಡು ಮಾತಿಗೇ ಮುಗಿಸುತ್ತೇವೆ. ಅದಕ್ಕೂ ಒಂದಿಷ್ಟು ವಿಮರ್ಶೆ ಸಲ್ಲಬೇಕೆಂದು ನನ್ನ ವಾದ.

ನಮ್ಮ ಭಾಷೆಗೆ ಈ ವಸ್ತುವಿನ ಮೇಲೆ ಅಸಡ್ಡೆಯೇನೂ ಇರಲಿಲ್ಲ. ಮೆಟ್ಟು, ಕೆರ, ಎಕ್ಕಡ, ಜೋಡು, ಹಾವುಗೆ, ಪಾದರಕ್ಷೆ, ಹೀಗೆ ಎಷ್ಟೊಂದು ಹೆಸರು! ಆದರೆ ಇವುಗಳಲ್ಲಿ ನಮ್ಮ ಕಡೆಯ 'ಎಕ್ಕಡ' ಬೈಗುಳವಾಗಿ ಹೋಯಿತು. ರಾಮನ ಪಾದುಕೆಯನ್ನು ಭರತ ಸಿಂಹಾಸನದ ಮೇಲಿಟ್ಟ ಕಥೆಗೆ ಕಣ್ಣೀರು ಹಾಕುವ ಜನವೇ ಜಗಳ ಬಂದಾಗ ಮೊದಲು ನೆನೆಯುವುದು ಎಕ್ಕಡವನ್ನು. ಈ ವಿಚಿತ್ರದ ಹಿಂದೆ ಏನಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಂಗಡಿಗೆ ಹೋಗೋಣ. ಅಣ್ಣನ ಮಗಳ ಮದುವೆಗೆಂದು ಕೆ.ಆರ್. ಪೇಟೆಯ ಒಂದು ಅಂಗಡಿಯಲ್ಲಿ ಎರಡಂಗುಲ ಹಿಮ್ಮಡಿಯ, ಚೂಪು ಮೂತಿಯ, ಚಿನ್ನದ ಬಣ್ಣದ ಸ್ಯಾಂಡಲ್ ಕೊಂಡೆ. ಗಾಜಿನ ಹಿಂದೆ ಅದು ಮದುಮಗಳ ಹಾಗೇ ಕೂತಿತ್ತು. ಹಾಕಿ ನೋಡಿದಾಗ ಕಿರುಬೆರಳು ಹಿಡಿಯಿತು. "ಎರಡ್ ದಿನ ಹಾಕ್ಕೊಳಿ ಮೇಡಂ, ತಾನಾಗೇ ಲೂಸಾಯ್ತದೆ" ಎಂದ ಹುಡುಗ. ನೀವೂ ಈ ಮಾತು ಕೇಳಿರುತ್ತೀರಿ. ನಾನು ನಂಬಿದೆ. ಸ್ಯಾಂಡಲ್ ಲೂಸಾಗಲಿಲ್ಲ, ನನ್ನ ಕಾಲೇ ಸೋತಿತು. ಧಾರೆಯ ಹೊತ್ತಿಗೆ ಎರಡೂ ಕಿರುಬೆರಳು ಬೊಬ್ಬೆ ಎದ್ದು, ಊಟದ ಪಂಕ್ತಿಯಲ್ಲಿ ಬರಿಗಾಲಲ್ಲಿ ತುಪ್ಪ ಬಡಿಸಿದೆ. "ನಿನ್ನ ಕಾಲು ಮೊದಲಿಂದಲೂ ಅಗಲ ಕಣೆ" ಎಂದು ಅತ್ತಿಗೆ ನಕ್ಕಳು. ನನ್ನ ಕಾಲನ್ನು ನಾನೇ ಶಪಿಸಿಕೊಂಡೆ.

ತಪ್ಪು ನನ್ನ ಕಾಲಿನದಲ್ಲ ಎಂದು ತಿಳಿದದ್ದು ಆಮೇಲೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಪಾಶ್ಚಾತ್ಯರ ಪಾದಕ್ಕಿಂತ ನಮ್ಮವರ ಪಾದ ಅಗಲವೆಂದು ಕಂಡುಬಂತು. ನಾವು ಕೊಳ್ಳುವ ಆರು, ಏಳು ಎಂಬ ನಂಬರು ಇಂಗ್ಲಿಷರ ಅಳತೆ. ಒಂದೊಂದು ನಂಬರಿಗೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಒಂದು ಬಾರ್ಲಿ ಕಾಳಿನ ಉದ್ದ, ಹೆಚ್ಚುತ್ತದೆ. ಅದು ಉದ್ದದ ಲೆಕ್ಕ, ಅಗಲದ ಲೆಕ್ಕವಲ್ಲ. ಅಗಲ ಸಾಲದೆ ನಾವು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ, ಆಗ ಹಿಂದೆ ಕಳಚುತ್ತದೆ. ನಮ್ಮ ಪಾದಕ್ಕೇ ಹೊಂದುವ 'ಭಾ' ಎಂಬ ಹೊಸ ಅಳತೆಯನ್ನು ಆ ಸಂಸ್ಥೆ ಸೂಚಿಸಿದೆ. ನಮ್ಮ ಹೆಂಗಸರು ಎಷ್ಟು ಕಾಲದಿಂದ ತಮ್ಮ ಕಾಲನ್ನು ಬೈದುಕೊಂಡು ಚಪ್ಪಲಿಯನ್ನು ಕ್ಷಮಿಸುತ್ತ ಬಂದಿದ್ದಾರೋ! ಚಪ್ಪಲಿಯ ಬಗ್ಗೆ ನನ್ನ ಮೊದಲ ಟೀಕೆ ಇದೇ: ಕಣ್ಣಿಗೆಂದು ಮಾಡಿದ ಮೆಟ್ಟನ್ನು ಕಾಲಿಗೆಂದು ಮಾರುತ್ತಾರೆ.

ಈ ದೃಷ್ಟಿಯಿಂದ ಹವಾಯಿ ಚಪ್ಪಲಿ ಪ್ರಾಮಾಣಿಕವಾದದ್ದು. ಯಾರ ಕಾಲನ್ನೂ ಅದು ಹೀಗಳೆಯುವುದಿಲ್ಲ. ಗದ್ದೆಗೂ ಬಚ್ಚಲಿಗೂ ಆಸ್ಪತ್ರೆಗೂ ಒಂದೇ ಮುಖ. ಆದರೆ ಮಳೆಗಾಲದಲ್ಲಿ ಸೀರೆಯ ಹಿಂಭಾಗಕ್ಕೆಲ್ಲ ಕೆಸರಿನ ಚುಕ್ಕೆ ಇಡುವ ಚಟವೊಂದನ್ನು ಇಂದಿಗೂ ಬಿಟ್ಟಿಲ್ಲ. ಹಿಂದೆ ತಿರುಗಿ ಬೋರ್ಡಿನ ಮೇಲೆ ಬರೆಯುವ ಮೇಡಂಗಳಿಗೆ ಇದರ ಕಷ್ಟ ಗೊತ್ತು, ಮಕ್ಕಳಿಗೆ ಸುಖ ಗೊತ್ತು.

ಕಣ್ಣು ಮತ್ತು ಕಾಲು ಎರಡೂ ಒಪ್ಪುವ ಮೆಟ್ಟು ನನಗೆ ಸಿಕ್ಕಿದ್ದು ಅಥಣಿಯದು. ಬೆಳಗಾವಿ ಜಿಲ್ಲೆಯ ಅಥಣಿ ಕಡೆ ಮಾಡಿದರೂ ಅದಕ್ಕೆ ಕೊಲ್ಹಾಪುರಿ ಎಂದೇ ಹೆಸರು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ತೊಗಲು. ಮೊಳೆಯಿಲ್ಲ, ತೊಗಲಿನದೇ ದಾರದಲ್ಲಿ ಹೊಲಿಗೆ. ಮೇಲಿನ ಜಡೆ ಹೆಣೆಯುವುದು, ಸೂಕ್ಷ್ಮ ಹೊಲಿಗೆ ಹಾಕುವುದು ಹೆಚ್ಚಾಗಿ ಹೆಂಗಸರ ಕೈ. ಮೊದಲ ವಾರ ಅದೂ ಕಚ್ಚುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೊಬ್ಬರಿ ಎಣ್ಣೆ ಸವರಿ ಪಳಗಿಸಿದರೆ ಕಾಲಿನ ಆಕಾರವನ್ನೇ ತಾನು ಕಲಿತುಬಿಡುತ್ತದೆ. ಹುಡುಗ ಹೇಳಿದ 'ತಾನಾಗೇ ಲೂಸಾಯ್ತದೆ' ತೊಗಲಿಗೆ ಸತ್ಯ, ಪ್ಲಾಸ್ಟಿಕ್ಕಿಗೆ ಸುಳ್ಳು. ಮಳೆಗೆ ಮಾತ್ರ ಅದನ್ನು ಹೊರಗೆ ತರಬಾರದು.

2019ರಲ್ಲಿ ಕೊಲ್ಹಾಪುರಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಅದರಲ್ಲಿ ಪಾಲು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿತು. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿತು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ನಿಗಮದೊಡನೆ, 1976ರಲ್ಲಿ ಹುಟ್ಟಿದ ನಮ್ಮ ಲಿಡ್ಕರ್‌ನೊಡನೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೊತೆ ಮಾಡಿಸಿ ಸುಮಾರು 800 ಯೂರೊಗೆ ಮಾರುವುದಾಗಿ ಹೇಳಿತು. ನಮ್ಮ ದುಡ್ಡಿನಲ್ಲಿ ಎಂಬತ್ತು ಸಾವಿರದ ಆಚೆ! ಸುದ್ದಿ ಓದಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಿಟ್ಟು ಬಂತು, ನನಗೂ. ಆದರೆ ಆ ಸಿಟ್ಟಿನ ಬೆನ್ನಿಗೇ ಒಂದು ನೆನಪೂ ಬಂತು.

ನಮ್ಮ ತಾತ ವರ್ಷಕ್ಕೊಂದು ಜೊತೆ ಎಕ್ಕಡ ಮಾಡಿಸುತ್ತಿದ್ದರು. ನಡೆದರೆ ಬೀದಿಯ ಕೊನೆಗೆ ಕೇಳುವಂತೆ ಜೀರ್ ಜೀರ್ ಅನ್ನುತ್ತಿತ್ತು. ಮಾಡಿಕೊಡುತ್ತಿದ್ದ ಮುದುಕ ಸುಗ್ಗಿಯಾದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಜಗಲಿಯ ಕೆಳಗೆ ಇಟ್ಟು, ದೂರ ನಿಂತು ರಾಗಿ ಈಸಿಕೊಳ್ಳುತ್ತಿದ್ದ. ಅವನು ಬರಿಗಾಲು. ಚೈತ್ರದ ಬಿಸಿಲಿನಲ್ಲಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಲ್ಲುತ್ತಿದ್ದ. ಏಳೆಂಟು ವರ್ಷದ ನಾನು, "ಅವ್ವ, ಅವನಿಗೆ ಯಾಕೆ ಎಕ್ಕಡ ಇಲ್ಲ?" ಎಂದು ಕೇಳಿದೆ. "ನಮ್ ಬೀದೀಲಿ ಅವ್ರು ಮೆಟ್ಟಂಗಿಲ್ಲ ಕಣೆ" ಎಂದಳು ಅವ್ವ, ಬಿಸಿಲು ಜೋರಾಗಿದೆ ಎನ್ನುವಷ್ಟು ಸಹಜವಾಗಿ. ಎಕ್ಕಡ ಯಾಕೆ ಬೈಗುಳವಾಯಿತು ಎಂಬುದಕ್ಕೆ ಉತ್ತರ ಆ ಜಗಲಿಯ ಕೆಳಗಿತ್ತು. ಮಾಡಿದವನನ್ನು ಕೀಳು ಮಾಡಿದ ಮೇಲೆ ಮಾಡಿದ ವಸ್ತು ಮೇಲಾಗಿ ಉಳಿದೀತೇ? ಪ್ರಾಡಾ ಹೆಸರು ಹೇಳಲಿಲ್ಲವೆಂದು ಸಿಟ್ಟಾದ ನನಗೆ ಆ ಮುದುಕನ ಹೆಸರು ಇವತ್ತಿಗೂ ಗೊತ್ತಿಲ್ಲ.

ಶರಣ ಹರಳಯ್ಯನ ಕಥೆ ನಮ್ಮಲ್ಲಿ ಎಲ್ಲರೂ ಕೇಳಿದ್ದೇ. ತನ್ನ ಒಂದು 'ಶರಣು'ವಿಗೆ ಬಸವಣ್ಣ ಎರಡು ಸಲ 'ಶರಣು ಶರಣಾರ್ಥಿ' ಎಂದನೆಂದು, ಆ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರಂತೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ. ತರಗತಿಯಲ್ಲಿ ಇದನ್ನು ಭಕ್ತಿಯ ಕಥೆಯೆಂದು ಹೇಳುತ್ತ ಬಂದವಳು ನಾನು. ಒಂದು ಮರುನಮಸ್ಕಾರ ಅಷ್ಟು ದುಬಾರಿಯಾಗಬೇಕಾದರೆ ಆ ಮನುಷ್ಯನಿಗೆ ಅದುವರೆಗೆ ಎಷ್ಟು ಜನ ನಮಸ್ಕಾರ ಮಾಡಿದ್ದರು ಎಂದು ಒಮ್ಮೆಯೂ ಮಕ್ಕಳನ್ನು ಕೇಳಿರಲಿಲ್ಲ.

ಇನ್ನು ಶಾಲೆಯ ಶೂ. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂತಲ್ಲ, 2022-23ರ ಲೆಕ್ಕದಲ್ಲಿ ಐದನೇ ತರಗತಿವರೆಗಿನ ಮಗುವಿಗೆ 265 ರೂಪಾಯಿ, ಎಂಟರವರೆಗೆ 295, ಒಂಬತ್ತು ಹತ್ತಕ್ಕೆ 325. ಎಸ್‌ಡಿಎಂಸಿಯವರು, ಶಿಕ್ಷಕರು ಸೇರಿ ಕೊಳ್ಳಬೇಕು. ಆ ದುಡ್ಡಿನಲ್ಲಿ ತೊಗಲಿನ ಮಾತು ಬಿಡಿ, ಒಂದು ವರ್ಷ ಬಾಳಿದರೆ ಪುಣ್ಯ. ಹಿಂದಿನ ಸಲ ಅಂದಾಜಿನ ಮೇಲೆ ನಂಬರು ಬರೆದು ತರಿಸಿ, ಅರ್ಧ ಮಕ್ಕಳಿಗೆ ಬಿಗಿಯಾಗಿ, ಹಿಮ್ಮಡಿ ತುಳಿದುಕೊಂಡೇ ಓಡಾಡಿದ್ದವು. ಆದ್ದರಿಂದ ಈ ಸಲ ನೆಲದ ಮೇಲೆ ಕುಳಿತು, ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಒಬ್ಬೊಬ್ಬರ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ.

ಆರನೇ ತರಗತಿಯ ಒಬ್ಬಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡಿ ಮಿಸ್, ನೀವು ಮುಟ್ಟಬ್ಯಾಡಿ, ಧೂಳಾಗದೆ" ಎಂದಳು. ಧೂಳು ಎಲ್ಲ ಮಕ್ಕಳ ಕಾಲಿನಲ್ಲೂ ಇತ್ತು. ಅವಳೊಬ್ಬಳೇ ಯಾಕೆ ಹಾಗೆಂದಳು ಎಂದು ನಾನು ಕೇಳಲಿಲ್ಲ. ಹಿಮ್ಮಡಿ ಹಿಡಿದು ಕಾಗದದ ಮೇಲಿಟ್ಟೆ. ಅಗಲವಾದ, ಬೆರಳುಗಳು ಬಿಡಿಬಿಡಿಯಾದ ಪಾದ, ನನ್ನದರ ಹಾಗೇ. ನಮ್ಮ ಹೆಣ್ಣುಮಕ್ಕಳ ಪಾದದ ಬೆಳವಣಿಗೆ 11ನೇ ವರ್ಷಕ್ಕೇ ತುದಿ ಮುಟ್ಟುತ್ತದೆಂದು ಆ ಚೆನ್ನೈನವರ ಅಧ್ಯಯನ ಹೇಳುತ್ತದೆ. ಬೆಳೆಯುವ ಆ ಹೊತ್ತಿನಲ್ಲಿ ಕಾಲು ಬಿಗಿಯಾದದ್ದರಲ್ಲಿ ಸಿಕ್ಕಿಕೊಳ್ಳಬಾರದು. ಅಂಗಡಿಯಲ್ಲಿ ಆ ಕಾಗದಗಳನ್ನು ಹರಡಿ, ಶೂಗಳನ್ನು ಒಂದೊಂದಾಗಿ ಅವುಗಳ ಮೇಲಿಟ್ಟು ನೋಡಿದೆ. ಅಂಗಡಿಯವನು ಬೇಸರಪಟ್ಟುಕೊಂಡ. ಪಟ್ಟುಕೊಳ್ಳಲಿ.

ಕೊನೆಗೆ ಮೇಡಂ ಆದವಳು ಪಾಠ ಹೇಳದೆ ಬಿಡುವುದಿಲ್ಲ. ಚಪ್ಪಲಿ ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆಯಿರಿ. ಕಾಗದದಲ್ಲಿ ಪಾದದ ಗೆರೆ ಎಳೆದು ಒಯ್ಯಲು ನಾಚಬೇಡಿ. ಕಚ್ಚಿದರೆ ಚಪ್ಪಲಿಯನ್ನು ಬೈಯಿರಿ, ಕಾಲನ್ನಲ್ಲ. ಕೈಯಿಂದ ಮಾಡಿದ್ದಾದರೆ ಮಾಡಿದವರು ಯಾರು, ಎಲ್ಲಿಯವರು ಎಂದು ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೂ ಕೇಳಿ.

ಮಂಚದ ಕೆಳಗೆ ಈಗ ಎಂಟನೆಯ ಜೊತೆ ಬಂದಿದೆ. ನಮ್ಮವರು ಇನ್ನೂ ಮನೆಯಲ್ಲೇ ಇದ್ದಾರೆ.