ಪ್ರಶ್ನೆ ಕೇಳಿದವರು ಯಾರ ಮನೆಯ ಮಗು?

ಕೊರಗ ಭಾಷೆಯೋ ಜೇನುಕುರುಬರ ನುಡಿಯೋ ಚರ್ಚೆಗೆ ಬಂದರೆ ವಿಚಾರ ಸಂಕಿರಣಗಳು ಸಾಮಾನ್ಯವಾಗಿ ಮುಗಿಯುವುದು ಒಂದೇ ಠರಾವಿನಲ್ಲಿ: ‘ತುರ್ತಾಗಿ ದಾಖಲೀಕರಣ ಆಗಬೇಕು.’ ಅಜ್ಜ ಅಜ್ಜಿಯರು ತೀರಿಹೋಗುವ ಮೊದಲು ಅವರ ದನಿಯನ್ನು ಹಿಡಿದಿಟ್ಟುಕೊಂಡರೆ ಭಾಷೆ ಉಳಿದ ಹಾಗೆ, ಕಲಿಸುವುದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ನಂಬಿಕೆ ಅದರ ಹಿಂದಿದೆ. ನನ್ನ ತಕರಾರು ಇರುವುದು ಆ ‘ಆಮೇಲೆ’ಯ ಬಗ್ಗೆ.

ದಾಖಲೆಯಿಂದಲೇ ಭಾಷೆ ಉಳಿಯುವುದಾಗಿದ್ದರೆ ಉಬಿಖ್ ಉಳಿಯಬೇಕಿತ್ತು. 1864ರಲ್ಲಿ ರಷ್ಯಾದ ಸೇನೆಗೆ ಸೋತು, ಕಪ್ಪು ಸಮುದ್ರದ ದಂಡೆಯ ಊರುಗಳನ್ನು ಬಿಟ್ಟು ತುರ್ಕಿಗೆ ಹೋದ ಜನರ ಭಾಷೆ ಅದು. ಅದರಲ್ಲಿ ವ್ಯಂಜನಗಳು 84, ಸ್ವರಗಳು ಎರಡೇ. ಇಂಥ ಅಪರೂಪದ ನುಡಿಗೆ ವಿದ್ವಾಂಸರ ಕೊರತೆ ಆಗಲಿಲ್ಲ. ಫ್ರಾನ್ಸಿನ ಜಾರ್ಜ್ ದ್ಯುಮೆಜಿಲ್ ಮೊದಲಾದವರು ತೆವ್ಫಿಕ್ ಎಸೆಂಚ್ ಎಂಬ ಹಳ್ಳಿಗರ ಜೊತೆ ಕೂತು ಕಥೆಗಳನ್ನೂ ಪದಗಳನ್ನೂ ವ್ಯಾಕರಣವನ್ನೂ ಬರೆದುಕೊಂಡರು, ಟೇಪಿಗೂ ಇಳಿಸಿದರು. 1992ರ ಅಕ್ಟೋಬರ್‌ನಲ್ಲಿ ಎಸೆಂಚ್ ತೀರಿಕೊಂಡರು. ಅವರ ದನಿಯನ್ನು ಇವತ್ತಿಗೂ ಅಂತರ್ಜಾಲದಲ್ಲಿ ಕೇಳಬಹುದು. ಆದರೆ ಅವರ ಮೂವರು ಗಂಡುಮಕ್ಕಳಿಗೆ ಅಪ್ಪನ ಜೊತೆ ಆ ಭಾಷೆಯಲ್ಲಿ ಮಾತಾಡಲು ಬರುತ್ತಿರಲಿಲ್ಲ. ದೂರದ ಪ್ರಾಧ್ಯಾಪಕರಿಗೆ ದಕ್ಕಿದ ನುಡಿ ಮನೆಯ ಜಗಲಿಗೆ ದಕ್ಕಲಿಲ್ಲ.

ಈಗ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಂಪನೋಗ್ ಜನರನ್ನು ನೋಡಿ. ಅವರ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದವರ ಒಂದೇ ಒಂದು ನಿಮಿಷದ ಧ್ವನಿಮುದ್ರಣವೂ ಇಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗಾಗಲೇ ಅಂಥವರು ಇಲ್ಲವಾಗಿದ್ದರು. ಉಳಿದದ್ದು 1663ರಲ್ಲಿ ಅಚ್ಚಾದ ಬೈಬಲ್ ಅನುವಾದ, ಜಮೀನಿನ ಪತ್ರಗಳು, ಉಯಿಲುಗಳು, ಅರ್ಜಿಗಳು. ಆ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ 1993ರಲ್ಲಿ ಈ ಕಾಗದಗಳ ಬೆನ್ನು ಹತ್ತಿದರು, ಎಂಐಟಿಯಲ್ಲಿ ಕೆನ್ ಹೇಲ್ ಅವರ ಬಳಿ ಭಾಷಾವಿಜ್ಞಾನ ಕಲಿತರು, ಮಗಳನ್ನು ಹುಟ್ಟಿದಂದಿನಿಂದ ಅದೇ ಭಾಷೆಯಲ್ಲಿ ಬೆಳೆಸಿದರು. ಗಂಟೆಗಟ್ಟಲೆ ದನಿ ಇದ್ದ ಭಾಷೆ ಹೋಯಿತು, ದನಿಯೇ ಇಲ್ಲದ ಭಾಷೆ ಒಂದು ಮಗುವಿನ ಬಾಯಿಗೆ ಬಂತು. ಒಂದು ಕಡೆ ಕೇಳಿಸಿಕೊಂಡವರು ಹೊರಗಿನವರು, ಇನ್ನೊಂದು ಕಡೆ ಕೇಳಲು ಹಟ ಹಿಡಿದವರು ಮನೆಯವರು.

ಹಾಗಂತ ಧ್ವನಿಮುದ್ರಣ ದಂಡ ಎಂದು ನಾನು ಹೇಳುತ್ತಿಲ್ಲ. ವಾಂಪನೋಗ್‌ನ ಉಚ್ಚಾರಣೆಯನ್ನು ಅದರ ಸೋದರ ಭಾಷೆಗಳ ಜೊತೆ ತಾಳೆ ಹಾಕಿ ಊಹಿಸಬೇಕಾಯಿತು; ಹಳೆಯ ದನಿಯ ಒಂದು ತುಣುಕು ಸಿಕ್ಕಿದ್ದರೂ ಆ ಶ್ರಮ ಎಷ್ಟೋ ತಗ್ಗುತ್ತಿತ್ತು. ಅಂಥ ಸೋದರ ಭಾಷೆಗಳಲ್ಲೊಂದು ಮೇನ್ ರಾಜ್ಯದ ಪಾಸಮಕ್ವಾಡಿ. 1890ರ ಮಾರ್ಚಿನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಸಂಶೋಧಕ ಅಲ್ಲಿಯ ಹಾಡು, ಕಥೆಗಳನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡ. ಜನರಿದ್ದಲ್ಲಿಗೇ ಹೋಗಿ ಮಾಡಿದ ಮೊದಲ ಧ್ವನಿಮುದ್ರಣಗಳೆಂದು ಚರಿತ್ರೆ ಅವನ್ನು ಗುರುತಿಸುತ್ತದೆ. ಆದರೆ ಹಾಡಿದವರ ಮೊಮ್ಮಕ್ಕಳಿಗೆ ಅವು ಎಷ್ಟೋ ದಶಕ ಕೇಳಿಸಲೇ ಇಲ್ಲ. ಈಚೆಗೆ ಅವು ಸಮುದಾಯಕ್ಕೆ ಮರಳಿದವು. ಹಿರಿಯರು ಕೂತು ಕೇಳಿ ಪದಗಳನ್ನು ಬಿಡಿಸಿ ಬರೆದರು. ಯಾವುದನ್ನು ಯಾರು ಕೇಳಬಹುದು ಎಂಬ ಮಾತಿನಲ್ಲೂ ಅವರ ಅಭಿಪ್ರಾಯಕ್ಕೆ ಬೆಲೆ ಬಂತು. ಗೀರುಗಳ ನಡುವೆ ಹೂತ ಪದವನ್ನು ಹೆಕ್ಕಲು ಆ ಭಾಷೆ ಗೊತ್ತಿದ್ದ ಕಿವಿಯೇ ಬೇಕಾಯಿತು.

ಇಂಥ ಮುದ್ರಣಗಳ ಇನ್ನೊಂದು ಕೊರತೆ ಇನ್ನೂ ಆಳದ್ದು. ಹೊರಗಿನವರು ಮೈಕ್ ಹಿಡಿದಾಗ ಅಜ್ಜಿ ಹೇಳುವುದು ಕಥೆ, ಹಾಡು, ‘ಇದಕ್ಕೇನನ್ನುತ್ತೀರಿ’ ಎಂಬ ಪಟ್ಟಿಗೆ ಉತ್ತರ. ಮಗುವನ್ನು ಎಬ್ಬಿಸುವ ಗದರಿಕೆ, ನಾದಿನಿಯ ಕೊಂಕು, ಬೇಲಿಯಾಚೆಯ ಜಗಳ ಅದರಲ್ಲಿ ಇರುವುದಿಲ್ಲ. ಭಾಷೆ ಕಲಿಯುವ ಕೂಸಿಗೆ ಬೇಕಾದ್ದು ಅದೇ. ಹವಾಯಿಯಲ್ಲಿ 1972ರಲ್ಲಿ ಲ್ಯಾರಿ ಕಿಮೂರಾ ಶುರು ಮಾಡಿದ ರೇಡಿಯೊ ಕಾರ್ಯಕ್ರಮ ಮುಖ್ಯವಾಗುವುದು ಇದಕ್ಕೇ. ಅಲ್ಲಿ ಹಿರಿಯರು ಹವಾಯಿ ಭಾಷೆಯಲ್ಲೇ ಹರಟುತ್ತಿದ್ದರು, ಕೇಳುಗರು ಫೋನ್ ಮಾಡಿ ಅದೇ ಭಾಷೆಯಲ್ಲಿ ಮಾತಿಗಿಳಿಯುತ್ತಿದ್ದರು, ಪ್ರಶ್ನೆ ಕೇಳುವವರು ಆ ಭಾಷೆಯನ್ನು ಬದುಕಲು ಹೊರಟವರಾಗಿದ್ದರು. 1984ರಲ್ಲಿ ಅದೇ ಭಾಷೆಯ ಶಿಶುವಿಹಾರಗಳು ಆರಂಭವಾದವು. ಆ ಟೇಪುಗಳು ಇವತ್ತು ದೊಡ್ಡ ಭಂಡಾರ, ನಿಜ. ಆದರೆ ಮುದ್ರಣಗೊಳ್ಳುವ ಹೊತ್ತಿಗೇ ಅವು ಮಾತುಕತೆಯಾಗಿದ್ದವು.

‘ಅಜ್ಜಿ ನಾಳೆ ಇರುತ್ತಾಳೋ ಇಲ್ಲವೋ, ಮೊದಲು ರೆಕಾರ್ಡ್ ಮಾಡೋಣ’ ಎನ್ನುವವರ ಆತಂಕ ನನಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತಿರುವುದು: ಅದೇ ಮಧ್ಯಾಹ್ನ, ಅದೇ ಜಗಲಿಯಲ್ಲಿ, ಮೈಕನ್ನು ಮೊಮ್ಮಗಳ ಕೈಗೆ ಕೊಡಿ. ಅವಳು ತಡವರಿಸುತ್ತಾಳೆ, ಅಜ್ಜಿ ತಿದ್ದುತ್ತಾಳೆ. ಆ ತಿದ್ದುವಿಕೆಯೂ ಮುದ್ರಣವಾಗಲಿ.

ನಮ್ಮಲ್ಲಿ ಕೊರಗ ಭಾಷೆಯ ವ್ಯಾಕರಣವನ್ನು ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಪ್ರಕಟಿಸಿದ್ದರು. ದಾಖಲೆ ಅಂದಿನಿಂದಲೂ ಇದೆ. ಆದರೂ ಮನೆಮನೆಗಳಲ್ಲಿ ತುಳು, ಕನ್ನಡ ಅದರ ಜಾಗಕ್ಕೆ ಬಂದಿವೆ. ಕಾರಣವನ್ನು ವ್ಯಾಕರಣದಲ್ಲಿ ಹುಡುಕಿದರೆ ಸಿಗದು. ಕೊರಗರನ್ನು ಕೀಳಾಗಿ ಕಂಡು ಅವರ ಮೇಲೆ ಹೇರಿದ್ದ ಅಜಲು ಎಂಬ ಅವಮಾನಕರ ಪದ್ಧತಿಯನ್ನು ಸರ್ಕಾರ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಬಾಯಿ ತೆರೆದರೆ ಯಾವ ಜಾತಿ ಎಂದು ಗೊತ್ತಾಗಿ ಅವಮಾನ ಕಾದಿರುವ ಕಡೆ ಯಾವ ತಾಯಿ ಆ ಮಾತನ್ನು ಮಗುವಿಗೆ ಕೊಟ್ಟಾಳು? ಆ ಅಂಜಿಕೆ ಹೋಗಬೇಕಾದರೆ ಭಾಷೆಗೆ ಊರಿನಲ್ಲಿ ಒಂದು ಮರ್ಯಾದೆಯ ಜಾಗ ಸಿಗಬೇಕು.

ಅಂಗನವಾಡಿ ಅಂಥ ಜಾಗ ಆಗಬಹುದು. 1982ರಲ್ಲಿ ನ್ಯೂಜಿಲೆಂಡಿನ ಮಾವೋರಿಗಳು ‘ಕೋಹಂಗ ರೆಯೊ’, ಅಂದರೆ ಭಾಷೆಯ ಗೂಡು, ಶುರು ಮಾಡಿದಾಗ ಅಲ್ಲಿ ಮಕ್ಕಳೊಡನೆ ಮಾವೋರಿಯಲ್ಲಿ ಮಾತಾಡಲು ಕೂತದ್ದು ಅಜ್ಜಿಯರೇ. ಕೊರಗರ ವಸತಿಯ ಅಂಗನವಾಡಿಯಲ್ಲೂ ಒಬ್ಬ ಅಜ್ಜಿಯನ್ನು ಗೌರವಧನ ಕೊಟ್ಟು ಕೂರಿಸಬಹುದು. ರೆಕಾರ್ಡರ್ ಮೂಲೆಯಲ್ಲಿರಲಿ, ಬೇಡವೆನ್ನುವುದಿಲ್ಲ. ಮುಂದಿನ ಸಂಕಿರಣದಲ್ಲಿ ವರದಿ ಮಂಡನೆಯಾದಾಗ ಎಷ್ಟು ಗಂಟೆ ರೆಕಾರ್ಡ್ ಆಯಿತು ಎಂದು ಕೇಳುವ ಮುಂಚೆ, ಅಲ್ಲಿ ಪ್ರಶ್ನೆ ಕೇಳಿದವರು ಯಾರ ಮನೆಯ ಮಗು ಎಂದು ಕೇಳೋಣ.