‘ಫೋನ್ ಮಾಡ್ತೀವಿ’ ಎಂಬ ಉತ್ತರ

ಕೆಲಸಕ್ಕೆ ತೆಗೆದುಕೊಳ್ಳದವರಿಗೆ ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಬಾರದು, ಸುಮ್ಮನಿದ್ದರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಸಣ್ಣ ಮಾಲೀಕರು ಇದನ್ನು ದಾಕ್ಷಿಣ್ಯ ಎನ್ನುತ್ತಾರೆ. ಎಚ್.ಆರ್. ವಿಭಾಗದವರು ವಾಡಿಕೆ ಎನ್ನುತ್ತಾರೆ. ಕೆಲಸ ಸಿಗದವರ ಮನೆಯವರೂ ‘ಅಷ್ಟು ದೊಡ್ಡ ಕಂಪನಿ, ಎಲ್ಲರಿಗೂ ಹೇಳೋಕಾಗುತ್ತಾ’ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಕೋಲಾರ ಜಿಲ್ಲೆಯಲ್ಲಿ ನಿಂತು ನೋಡಿದರೆ ಈ ಮೂರೂ ಮಾತು ನಿಲ್ಲುವುದಿಲ್ಲ. ಇಲ್ಲಿ ಕಂಪನಿಗಳ ಮೌನದಿಂದ ನಿಜವಾಗಿ ಲಾಭವಾಗುತ್ತಿರುವುದು ದಲ್ಲಾಳಿಗೆ.

2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಆಮೇಲೆ ಬಹಳ ಕಾಲ ಇಲ್ಲಿಯ ಯುವಜನರಿಗೆ ಕೆಲಸ ಎಂದರೆ ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಹತ್ತುವ ಬೆಂಗಳೂರಿನ ರೈಲು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದ ಮೇಲೆ ಚಿತ್ರ ಬದಲಾಯಿತು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಇಂದು ಐಟಿಐ, ಡಿಪ್ಲೊಮಾ ಮುಗಿಸಿದವರ ಮೊದಲ ಆಸೆ. ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಒಬ್ಬಳು ಹುಡುಗಿ ಇಂಟರ್‌ವ್ಯೂಗೆ ಹೊರಟಳೆಂದರೆ ಬೆಳಗಿನ ಜಾವ ಎದ್ದು, ಕೋಲಾರದಲ್ಲಿ ಬಸ್ಸು ಬದಲಿಸಿ, ಮಾರ್ಕ್ಸ್ ಕಾರ್ಡು, ಆಧಾರ್, ಜೆರಾಕ್ಸ್ ಪ್ರತಿಗಳ ಕವರು ಹಿಡಿದು ಗೇಟಿನ ಮುಂದೆ ಸಾಲು ನಿಲ್ಲುತ್ತಾಳೆ. ಜೊತೆಗೆ ಬಂದ ಅಣ್ಣನದೋ ಅಪ್ಪನದೋ ಒಂದು ದಿನದ ಕೂಲಿ ಹೋಗುತ್ತದೆ. ಸಂಜೆಗೆ ಸಿಗುವ ಉತ್ತರ: ‘ಫೋನ್ ಮಾಡ್ತೀವಿ, ಹೋಗಮ್ಮ.’

ಆ ಮಾತಿಗೆ ದಿನಾಂಕವಿಲ್ಲ. ಅದರ ತೊಂದರೆಯೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಬಯೋಡೇಟಾದಲ್ಲಿ ಕೊಟ್ಟ ನಂಬರ್ ಎಂಬ ಕಾರಣಕ್ಕೆ ರೀಚಾರ್ಜ್ ನಿಲ್ಲಿಸುವಂತಿಲ್ಲ. ಮಾವಿನ ಸುಗ್ಗಿಯಲ್ಲಿ ಮಂಡಿಯ ಕೆಲಸ ಸಿಕ್ಕರೂ ಮನೆಯಲ್ಲಿ ‘ನಾಳೆ ಕಂಪನಿಯವರು ಕರೆದರೆ?’ ಎನ್ನುತ್ತಾರೆ. ಮಾಲೂರಿನಲ್ಲಿ ಕಡಿಮೆ ಸಂಬಳದ ಟ್ರೈನಿ ಜಾಗ ಬಂದರೆ, ದೊಡ್ಡದು ಕೈತಪ್ಪೀತೆಂದು ಹಿಂದೆಗೆಯುತ್ತಾರೆ. ‘ನೀನು ಆಯ್ಕೆಯಾಗಿಲ್ಲ’ ಎಂಬ ಮಾತು ಎರಡು ದಿನ ನೋಯಿಸುತ್ತದೆ, ಮೂರನೆಯ ದಿನ ಬೇರೆ ದಾರಿ ಹುಡುಕಲು ಬಿಡುತ್ತದೆ. ಮೌನ ಹಾಗೆ ಬಿಡುವುದಿಲ್ಲ. ಇದನ್ನು ಕನಿಕರ ಎನ್ನುವುದು ತಪ್ಪು. ಹೇಳುವವರ ಮುಜುಗರವನ್ನು ಇದು ಉಳಿಸುತ್ತದೆ, ಕೇಳುವವರ ಕಾಲವನ್ನು ತಿನ್ನುತ್ತದೆ.

ದಲ್ಲಾಳಿ ಕಾಲಿಡುವುದು ಇದೇ ಬಿಡುವಿನಲ್ಲಿ. ಅಂಕ ಸಾಲಲಿಲ್ಲವೋ, ಹಿಂದಿ ಇಂಗ್ಲಿಷು ಬರಲಿಲ್ಲವೋ, ಜಾಗವೇ ಭರ್ತಿಯಾಗಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ‘ಒಳಗೆ ನಮ್ಮವರಿದ್ದಾರೆ, ಸ್ವಲ್ಪ ಖರ್ಚಾಗುತ್ತೆ’ ಎನ್ನುವವನ ಮಾತು ಸತ್ಯದಂತೆ ಕೇಳಿಸುತ್ತದೆ. ‘ವೆಲ್ಡಿಂಗ್ ಪರೀಕ್ಷೆಯಲ್ಲಿ ಪಾಸಾಗಿಲ್ಲ, ಆರು ತಿಂಗಳ ಮೇಲೆ ಮತ್ತೆ ಬರಬಹುದು’ ಎಂಬ ಒಂದು ಎಸ್ಸೆಮ್ಮೆಸ್ ಕೈಯಲ್ಲಿದ್ದರೆ ಆ ಹುಡುಗ ದಲ್ಲಾಳಿಯ ಮನೆಗಲ್ಲ, ಐಟಿಐ ವರ್ಕ್‌ಶಾಪಿಗೆ ಹೋಗುತ್ತಾನೆ.

ಇದರ ಮೇಲೆ ಗುತ್ತಿಗೆದಾರರ ಪದರ ಬೇರೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ನಡೆದ ಗಲಭೆ ಸಂಬಳದ ವಿಚಾರಕ್ಕೆ ಸಂಬಂಧಿಸಿದ್ದು, ನೇಮಕಾತಿಯದಲ್ಲ. ಆದರೆ ಅಲ್ಲಿಯ ಬಹುಪಾಲು ಕೆಲಸಗಾರರು ಏಜೆನ್ಸಿಗಳ ಮೂಲಕ ಬಂದವರೆಂಬುದು ಆಗ ಎಲ್ಲರ ಗಮನಕ್ಕೂ ಬಂತು. ಸಂಬಳ ಯಾಕೆ ಕಡಿಮೆ ಬಂತೆಂದು ಕೇಳಲು ಒಳಗಿದ್ದವರಿಗೇ ಸರಿಯಾದ ಬಾಗಿಲಿರಲಿಲ್ಲ. ಹೊರಗೇ ಉಳಿದವರು ‘ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ’ ಎಂದು ಯಾರನ್ನು ಕೇಳಬೇಕು?

‘ಸಾವಿರಾರು ಅರ್ಜಿ, ಎಲ್ಲರಿಗೂ ಉತ್ತರಿಸಲು ಸಾಧ್ಯವಿಲ್ಲ’ ಎನ್ನುತ್ತಾರೆ. ಇಂಟರ್‌ವ್ಯೂಗೆ ಬನ್ನಿ ಎಂದು ನೂರಾರು ಜನರಿಗೆ ಒಂದೇ ಏಟಿಗೆ ಸಂದೇಶ ಕಳಿಸಲು ಸಾಧ್ಯವಾಗುವ ಕಂಪನಿಗೆ, ಆಗಲಿಲ್ಲ ಎಂದು ಅದೇ ನಂಬರುಗಳಿಗೆ ಕಳಿಸಲು ಸಾಧ್ಯವಿಲ್ಲವೆಂದರೆ ನಂಬುವುದು ಹೇಗೆ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಇದು ಕಾನೂನು. 25 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ, ಸಾರ್ವಜನಿಕವಾಗಿ ಪ್ರಕಟಿಸಿದ ಹುದ್ದೆಗೆ ಸಂದರ್ಶನ ಮಾಡಿದರೆ, ನೇಮಕದ ತೀರ್ಮಾನವಾಯಿತೋ ಇಲ್ಲವೋ ಎಂಬುದನ್ನು 45 ದಿನಗಳೊಳಗೆ ಆ ಅಭ್ಯರ್ಥಿಗೆ ತಿಳಿಸಬೇಕು.

ಪರದೇಶದ ಮಾತೇಕೆ, ನಮ್ಮಲ್ಲೇ ಇದರ ಅರ್ಧದಷ್ಟು ಇತ್ತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಕಾಯ್ದೆ 25 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತಿತ್ತು. ಅದರಡಿಯ 1960ರ ನಿಯಮಗಳು ಆಯ್ಕೆಯ ಫಲಿತಾಂಶವನ್ನು 15 ದಿನದೊಳಗೆ ಕಚೇರಿಗೆ ಕಳಿಸಬೇಕೆಂದು ಹೇಳಿದ್ದವು. ಕಚೇರಿಗೆ ಗೊತ್ತಾಗಬೇಕೆಂದು ಯೋಚಿಸಿದವರು ಅಭ್ಯರ್ಥಿಗೆ ಗೊತ್ತಾಗಬೇಕೆಂದು ಬರೆಯಲಿಲ್ಲ. ಈಗಲೂ ಹಾಗೆಯೇ. ಯುವನಿಧಿ ಪಡೆಯುವ ಪದವೀಧರರು ತಮಗೆ ಕೆಲಸ ಸಿಕ್ಕಿಲ್ಲವೆಂದು ಕಾಲಕಾಲಕ್ಕೆ ಸ್ವಯಂಘೋಷಣೆ ಕೊಡಬೇಕು. ಅವರಿಗೆ ಕೆಲಸ ಕೊಡದವರು ಏನನ್ನೂ ಘೋಷಿಸಬೇಕಾಗಿಲ್ಲ.

ಸರ್ಕಾರಿ, ಅರೆಸರ್ಕಾರಿ ನೇಮಕಾತಿಯಲ್ಲಿ ಪಟ್ಟಿಯಾದರೂ ಹೊರಬರುತ್ತದೆ. ಅದರ ಬೆಲೆ ಏನೆಂಬುದು ಪಿಎಸ್‌ಐ ನೇಮಕಾತಿಯಲ್ಲಿ ಕಂಡಿತು. 545 ಹುದ್ದೆಗಳ ಆಯ್ಕೆಪಟ್ಟಿ ಪ್ರಕಟವಾದಾಗ ಅಂಕಗಳನ್ನು ನೋಡಿ ಪ್ರಶ್ನೆ ಎತ್ತಿದವರಲ್ಲಿ ಆಯ್ಕೆಯಾಗದವರಿದ್ದರು. 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ನಮ್ಮ ಕೋಲಾರ–ಚಿಕ್ಕಬಳ್ಳಾಪುರ ಹಾಲು ಒಕ್ಕೂಟದ ನೇಮಕಾತಿಯಲ್ಲೂ ಅಕ್ರಮದ ಆರೋಪ ಬಂದು 2024ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯ ಶೋಧ ನಡೆಸಿತು. ಆ ಆರೋಪ ಏನಾಗುತ್ತದೋ ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಅವರ ಲಿಖಿತ ಅಂಕ, ಸಂದರ್ಶನದ ಅಂಕ, ಕಟ್‌ಆಫ್ ಅಂಕ ಕಳಿಸುವ ಪದ್ಧತಿ ಇರುವಲ್ಲಿ ಅಕ್ರಮಕ್ಕೂ ಕಷ್ಟ, ಸುಳ್ಳು ಆರೋಪಕ್ಕೂ ಕಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ತಾನಾಗಿ ಒದಗಿಸಬೇಕೆನ್ನುತ್ತದೆ. ಕೆಲಸ ಸಿಗದವನಿಗಿಂತ ಹೆಚ್ಚು ಬಾಧಿತ ಯಾರು?

ಸ್ಥಳೀಯರ ಪ್ರಶ್ನೆಯೂ ಇಲ್ಲಿಯೇ ಬಂದು ನಿಲ್ಲುತ್ತದೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕ್ಷೇತ್ರದಲ್ಲಿ ಆಡಳಿತ ಹುದ್ದೆಗಳಿಗೆ ಶೇ. 50, ಇತರ ಹುದ್ದೆಗಳಿಗೆ ಶೇ. 70 ಸ್ಥಳೀಯರಿರಬೇಕೆಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧದ ನಡುವೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ‘ನಮ್ಮ ಜಮೀನು ಹೋಯಿತು, ಕೆಲಸ ಹೊರಗಿನವರಿಗೆ ಹೋಯಿತು’ ಎಂದು ಒಂದು ಕಡೆ, ‘ಸ್ಥಳೀಯರಲ್ಲಿ ಕೌಶಲವಿಲ್ಲ’ ಎಂದು ಇನ್ನೊಂದು ಕಡೆ. ಮುಳಬಾಗಿಲಿನಿಂದ ಎಷ್ಟು ಜನ ಬಂದರು, ಎಷ್ಟು ಜನರನ್ನು ಯಾವ ಕಾರಣಕ್ಕೆ ಬಿಟ್ಟರು ಎಂಬುದನ್ನು ಕಂಪನಿಗಳು ಬರೆದಿಡದೆ, ಹೇಳದೆ ಇರುವಷ್ಟು ಕಾಲ ಈ ಎರಡರಲ್ಲಿ ಯಾವುದು ನಿಜವೆಂದು ತೀರ್ಮಾನಿಸಲಾಗದು.

‘ಕಾರಣ ಕೊಟ್ಟರೆ ಜಗಳಕ್ಕೆ ಬರುತ್ತಾರೆ’ ಎಂಬ ಭಯ ಇದೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಊರಿನವರನ್ನೇ ದಿನವೂ ಎದುರಿಸಬೇಕಾದ ಸಣ್ಣ ಘಟಕದ ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ಅವರು ಉದ್ದ ಪತ್ರ ಬರೆಯಬೇಕಿಲ್ಲ. ‘ನಿಮ್ಮ ಬಯೋಡೇಟಾ ನಮ್ಮಲ್ಲಿರುತ್ತದೆ, ಉಜ್ವಲ ಭವಿಷ್ಯ ಹಾರೈಸುತ್ತೇವೆ’ ಎಂಬ ಸಿಹಿಮಾತೂ ಬೇಡ, ಅದು ಮತ್ತೊಂದು ಸುಳ್ಳು ನಿರೀಕ್ಷೆ. ಆಯ್ಕೆಯಾಗಿಲ್ಲ, ಇಂಥ ಕಾರಣ, ಮತ್ತೆ ಬರಬಹುದಾದರೆ ಇಂಥ ತಿಂಗಳು. ಕನ್ನಡದಲ್ಲಿ, ಎರಡು ಸಾಲು.

ಜಿಲ್ಲಾಡಳಿತ ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಮುಂದಿನ ಉದ್ಯೋಗ ಮೇಳಕ್ಕೆ ಕಂಪನಿಗಳನ್ನೂ ಏಜೆನ್ಸಿಗಳನ್ನೂ ಕರೆಯುವಾಗ ಒಂದೇ ಷರತ್ತು ಹಾಕಲಿ: ಸಂದರ್ಶನ ಮಾಡಿದ ಪ್ರತಿಯೊಬ್ಬರಿಗೂ 15 ದಿನದೊಳಗೆ ಲಿಖಿತ ಉತ್ತರ, ಅದರ ಪ್ರತಿ ಉದ್ಯೋಗ ವಿನಿಮಯ ಕಚೇರಿಗೆ. ಇದಕ್ಕೆ ಒಪ್ಪದ ಕಂಪನಿಗೆ ಮೇಳದಲ್ಲಿ ಮೇಜು ಕೊಡಬೇಡಿ.