ಸೈನಿಕನ ಪತ್ರವೊಂದರ ರಸವಿಚಾರ

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೈನಿಕರು ಮನೆಗೆ ಬರೆದ ಪತ್ರಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಸಲ್ಲಿವನ್ ಬಲೂ ಎಂಬಾತನು ಪತ್ನಿಯಾದ ಸಾರಾಳಿಗೆ ಬರೆದ ಪತ್ರವು ಲೋಕಪ್ರಸಿದ್ಧವಾದುದು. ಈತನು ರೋಡ್ ಐಲೆಂಡ್ ಸಂಸ್ಥಾನದ ವಕೀಲ. ಅಲ್ಲಿಯ ಎರಡನೆಯ ಪದಾತಿದಳದಲ್ಲಿ ಮೇಜರನಾಗಿದ್ದನು. ಮದುವೆಯಾಗಿ ಆರು ವರ್ಷಗಳೂ ತುಂಬಿರಲಿಲ್ಲ, ಇಬ್ಬರು ಗಂಡುಮಕ್ಕಳು. 1861ನೆಯ ಜುಲೈ 14ರಂದು ವಾಷಿಂಗ್ಟನ್ನಿನ ಪಾಳೆಯದಲ್ಲಿ ಕುಳಿತು ಈ ಪತ್ರವನ್ನು ಬರೆದನು. 21ರಂದು ಬುಲ್ ರನ್ ಎಂಬ ಹೊಳೆಯ ಬಳಿ ನಡೆದ ಕಾಳಗದಲ್ಲಿ ಫಿರಂಗಿಯ ಗುಂಡಿಗೆ ಸಿಕ್ಕಿ ಕಾಲನ್ನು ಕಳೆದುಕೊಂಡು, ಕೆಲವೇ ದಿನಗಳಲ್ಲಿ ತೀರಿಹೋದನು. ಮೂಲಪ್ರತಿಯು ಈಗ ದೊರೆಯದು, ನಕಲುಗಳೇ ಗತಿ.

ಈ ಪತ್ರದ ರಸವಾವುದು? ಸಹೃದಯರು ಒಡನೆಯೇ ವಿಪ್ರಲಂಭಶೃಂಗಾರವೆನ್ನುವರು. ಪುನಃ ಕೂಡುವ ಆಶೆಯಿದ್ದರೆ ವಿಪ್ರಲಂಭ, ಇಲ್ಲದಿದ್ದರೆ ಕರುಣವೆಂಬುದು ಶಾಸ್ತ್ರ. ಬಲೂ ತಾನು ಸತ್ತರೂ ಮುಂದೆ ಸೇರುವೆವು, ಕಾದಿರು ಎನ್ನುತ್ತಾನೆ. ಕಾದಂಬರಿಯ ಮಹಾಶ್ವೇತೆಯನ್ನು ನೆನೆದು ಇದನ್ನು ಕರುಣವಿಪ್ರಲಂಭವೆನ್ನೋಣವೆಂದರೆ, ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅಡ್ಡಬರುತ್ತಾನೆ: ಬೇರೊಂದು ಶರೀರದಿಂದ ಮಾತ್ರ ಆಗುವ ಸಮಾಗಮವಾದರೆ ಅದು ಕರುಣವೇ ಸರಿ ಎಂಬುದು ಆತನ ನಿರ್ಣಯ. ಆದರೆ ಬರೆಯುವಾಗ ಈತನು ಬದುಕಿದ್ದನಲ್ಲವೆ? ಹಿಂದಿರುಗುವ ಆಶೆಯನ್ನೂ ಪತ್ರದಲ್ಲಿ ಪೂರ್ಣವಾಗಿ ಬಿಟ್ಟಿಲ್ಲ. ಬರೆದವನಿಗೆ ವಿಪ್ರಲಂಭವಾಗಿದ್ದುದು ಓದಿದವಳಿಗೆ ಕರುಣವಾಯಿತು. ನಡುವೆ ಒಂದಕ್ಷರವೂ ಬದಲಾಗಲಿಲ್ಲ. ನಮ್ಮ ಲಕ್ಷಣಕಾರರು ಇಂಥ ಉದಾಹರಣೆಯನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಅಲಂಕಾರದ ವಿಷಯದಲ್ಲಿಯೂ ಒಂದು ಮಾತು. ಪತ್ನೀಪ್ರೇಮವು ಬಲವಾದ ಬಂಧನವೆಂದೂ, ದೇಶಪ್ರೇಮವು ಬಿರುಗಾಳಿಯೆಂದೂ ಕಲ್ಪಿಸಿದ್ದಾನೆ. ಸಾಮಾನ್ಯಕವಿಯಾಗಿದ್ದರೆ ಗಾಳಿಯಿಂದ ಬಂಧನವು ಹರಿಯಿತೆನ್ನುತ್ತಿದ್ದನು. ಇಲ್ಲಿ ಹರಿಯುವುದಿಲ್ಲ, ಗಾಳಿಯು ಅವನನ್ನು ಆ ಸರಪಣಿಗಳ ಸಹಿತವಾಗಿಯೇ ರಣರಂಗಕ್ಕೆ ಎಳೆದೊಯ್ಯುತ್ತದೆ. ಇದು ಅನುಭವಿಸಿದವನ ಮಾತು.

ಕೆಲವರು ಇದನ್ನು ಅರ್ಜುನವಿಷಾದಕ್ಕೆ ಹೋಲಿಸಬಹುದು. ನನಗೆ ಸಮ್ಮತವಿಲ್ಲ. ಅರ್ಜುನನ ಸಂಕಟವು ಎದುರಿನ ಬಂಧುಗಳನ್ನು ಕೊಲ್ಲಬೇಕಲ್ಲಾ ಎಂಬುದು. ಬಲೂವಿನದು ಹಿಂದೆ ಉಳಿದವರನ್ನು ಕುರಿತದ್ದು. ಎದುರಾಳಿಗಳೂ ಸ್ವದೇಶೀಯರೇ ಆದರೂ ಅವರನ್ನು ಹಳಿಯುವ ಮಾತೂ ಇಲ್ಲ, ಮರುಗುವ ಮಾತೂ ಇಲ್ಲ. ಯುದ್ಧಕ್ಕೆ ಮೂಲವಾದ ಗುಲಾಮಗಿರಿಯ ಪ್ರಸ್ತಾಪವೂ ಇಲ್ಲ. ಇದನ್ನು ನ್ಯೂನತೆಯೆನ್ನುವವರೊಡನೆ ನಾನು ವಾದಿಸಲಾರೆ.

ನನ್ನ ಆಕ್ಷೇಪಣೆಯು ಬೇರೆ. 1990ರಲ್ಲಿ ಕೆನ್ ಬರ್ನ್ಸ್ ಎಂಬವರು ಈ ಯುದ್ಧವನ್ನು ಕುರಿತು ನಿರ್ಮಿಸಿದ ಸಾಕ್ಷ್ಯಚಿತ್ರದಲ್ಲಿ ಪತ್ರವನ್ನು ಓದಿಸಿದರು. ಅದರಿಂದಲೇ ಈ ಕೀರ್ತಿ. ಆದರೆ ಅಲ್ಲಿ ಕೇಳಿಸಿದ್ದು ಸಂಕ್ಷಿಪ್ತಪಾಠ. ಅವನ ಬಾಲ್ಯದ ಹಾಗೂ ಮನೆಯ ಮಾತುಗಳು ಬಹುಮಟ್ಟಿಗೆ ಲೋಪವಾಗಿವೆ. ಬಲೂ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡವನು. ತಾನುಂಡ ಆ ಕಹಿಯನ್ನೇ ಮಕ್ಕಳಿಗೂ ಬಡಿಸಿಹೋಗುವೆನಲ್ಲಾ ಎಂಬುದು ಪೂರ್ಣಪಾಠದ ಮರ್ಮಸ್ಥಾನ. ಇದನ್ನು ಬಿಟ್ಟರೆ ಗೃಹಸ್ಥನ ಪತ್ರವು ಪ್ರಣಯಿಯ ಪತ್ರವಾಗುತ್ತದೆ. ಪ್ರಣಯಪತ್ರಗಳಿಗೆ ಲೋಕದಲ್ಲಿ ಬರಗಾಲವೇನೂ ಇಲ್ಲ. ಕಿರಿಯ ಮಗನಿಗೆ ತನ್ನ ನೆನಪು ಬಹುಕಾಲ ನಿಲ್ಲದೆಂದೂ, ಹಿರಿಯವನಿಗೆ ತಾನು ಆಡಿಸಿದ ಆಟಗಳು ಮಸುಕಾಗಿ ಉಳಿದಾವೆಂದೂ ಲೆಕ್ಕಹಾಕುತ್ತಾ, ಅವರನ್ನು ಬೆಳೆಸುವ ಭಾರವನ್ನು ಸಾರಾಳಿಗೆ ಒಪ್ಪಿಸುತ್ತಾನೆ.

ಆಕೆಯು ಮರುಮದುವೆಯಾಗಲಿಲ್ಲ, 1917ರವರೆಗೆ ಬದುಕಿದ್ದಳು.